ತೊಟ್ಟಿ ಮನೆಯ ಹೊನ್ನೆ ಕಂಬ

‘ಗುಬ್ಬಿ ಮನೆಯವರು’ ಗುಂಪು, ಭಾನುವಾರ ಬೆಳಗ್ಗೆ

ದೊಡ್ಡಪ್ಪ: (ಫಾರ್ವರ್ಡ್) ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಯಿರಿ. 40 ದಿನದಲ್ಲಿ ಶುಗರ್ ಮಾಯ. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಹಳೇ ಮನೆ ಬಿಚ್ಚಿದಾಗ ತೆಗೆದಿಟ್ಟ ನಾಲ್ಕು ಕಂಬಗಳೂ ಹೊನ್ನೆಯವೇ ಅಲ್ವಾ? ಒಂದನ್ನು ಕೊಯ್ಯಿಸಿದರೆ ಮನೆಯವರಿಗೆಲ್ಲ ಲೋಟ ಆಗುತ್ತದೆ.

ರವಿ: ಮಾಡಿಸೋಣ ಅಪ್ಪ. ಉಳಿದ ಮೂರನ್ನು ಮಾರಿಬಿಡೋಣ. ಸುಮ್ನೆ ಶೆಡ್ಡಿನಲ್ಲಿ ಬಿದ್ದಿವೆ. ಹೊಸ ಮನೆಗೆ ಡಿಪೋದಲ್ಲಿ ಆಫ್ರಿಕನ್ ತೇಗ ಸಿಗುತ್ತದೆ, ನೋಡಿಕೊಂಡು ಬಂದಿದ್ದೇನೆ.

ನಾನು: ದೊಡ್ಡಪ್ಪ, ಲೋಟಕ್ಕೆ ಅಂತ ಆ ಕಂಬ ಕೊಯ್ಯಿಸಬೇಡಿ. ತುಮಕೂರಿನಲ್ಲಿ ದಿನಾ ಮರದ ಕೆಲಸ ಮಾಡಿಸುವವನು ನಾನು, ಅಂಥ ಹೊನ್ನೆ ಈಗ ಕಣ್ಣಿಗೂ ಬೀಳುವುದಿಲ್ಲ. ಮೊನ್ನೆ ಶೆಡ್ಡಿನಲ್ಲಿ ಒಂದರ ಮೂಲೆಗೆ ಸ್ವಲ್ಪ ಉಜ್ಜುಗೊರಡು ಹಾಕಿ ನೋಡಿದೆ. ಮೇಲಿನ ಕಪ್ಪು ಹೋದ ಕೂಡಲೇ ಒಳಗೆ ಜೇನಿನ ಬಣ್ಣ, ಅದರಲ್ಲಿ ಕಂದು ಗೆರೆಗಳು. ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಒಂದು ಗೆದ್ದಲೂ ಬಾಯಿ ಹಾಕಿಲ್ಲ. ಎಂಟು ಇಂಚು ಚೌಕ, ಎಂಟು ಅಡಿ ಎತ್ತರ. ಒಂದೊಂದೂ ಸುಮಾರು 80 ಕೆಜಿ ತೂಗುತ್ತದೆ. ಅಷ್ಟೇ ಅಳತೆಯ ತೇಗವಾದರೆ 65 ಕೆಜಿ ಇರಬಹುದು.

ಅತ್ತೆ: ಆ ಕಂಬಗಳು ತರೀಕೆರೆಯಿಂದ ರೈಲಿನಲ್ಲಿ ಗುಬ್ಬಿಗೆ ಬಂದವಂತೆ. ಸ್ಟೇಷನ್ನಿನಿಂದ ಎತ್ತಿನ ಗಾಡಿ. ಅಪ್ಪ ಹೇಳುತ್ತಿದ್ದರು. ಮಳೆಗಾಲದಲ್ಲಿ ತೊಟ್ಟಿಯ ನೀರು ಹಾರಿ ಕಂಬ ನೆನೆದರೆ ಪಕ್ಕದ ಸುಣ್ಣದ ಗೋಡೆಗೆಲ್ಲ ಹಳದಿ ಕಲೆ. ಪ್ರತಿ ಯುಗಾದಿಗೂ ಅಮ್ಮ ಅಲ್ಲಿಗೆ ಮಾತ್ರ ಎರಡು ಸಲ ಸುಣ್ಣ ಬಳಿಯುತ್ತಿದ್ದಳು.

ದೊಡ್ಡಪ್ಪ: ನೋಡು ಸುಶೀಲಾ, ಆ ಬಣ್ಣವೇ ಔಷಧಿ. ಜಾತ್ರೆಯಲ್ಲಿ ತಂದ ಲೋಟದ ನೀರನ್ನು ಬಿಸಿಲಿಗೆ ಹಿಡಿದರೆ ನೀಲಿ ಹೊಳೆಯುತ್ತದೆ. ಮೂರು ವಾರದಿಂದ ಕುಡಿಯುತ್ತಿದ್ದೇನೆ. ಮಾತ್ರೆ ಬಿಟ್ಟೆ.

ಪಲ್ಲವಿ: ದೊಡ್ಡಪ್ಪಾ! ಮಾತ್ರೆ ಬಿಟ್ಟಿದ್ದೀರಾ? ಯಾರಿಗೂ ಹೇಳದೆ?

ದೊಡ್ಡಪ್ಪ: ಹೊನ್ನೆಯ ವಿಷಯ ಆಯುರ್ವೇದದಲ್ಲೇ ಇದೆಯಲ್ಲಮ್ಮ.

ಪಲ್ಲವಿ: ಇದೆ ದೊಡ್ಡಪ್ಪ, ನಾನು ಇಲ್ಲ ಅನ್ನುವುದಿಲ್ಲ. ಬೀಜಕ, ವಿಜಯಸಾರ ಅನ್ನುವುದು ಇದನ್ನೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಪರೀಕ್ಷೆಯನ್ನೂ ಮಾಡಿದ್ದಾರೆ, 1998ರಲ್ಲಿ ವರದಿ ಬಂತು. 12 ವಾರದಲ್ಲಿ 97 ಜನರಲ್ಲಿ 67 ಜನರ ಸಕ್ಕರೆ ಹತೋಟಿಗೆ ಬಂತು. ಆದರೆ ಅವರಿಗೆ ಕೊಟ್ಟಿದ್ದು ಅಳೆದ ಸಾರ, ಹೆಚ್ಚಿನವರಿಗೆ 2 ಗ್ರಾಂ. ಅವರೆಲ್ಲ ಹೊಸದಾಗಿ ಕಾಯಿಲೆ ಗೊತ್ತಾದವರು ಅಥವಾ ಚಿಕಿತ್ಸೆ ಶುರು ಮಾಡದವರು. ರಕ್ತ ಪರೀಕ್ಷೆ ಮಾಡುತ್ತಾ ನೋಡಿಕೊಂಡಿದ್ದಾರೆ. ಹೋಲಿಸಿ ನೋಡಲು ಬೇರೆ ಗುಂಪನ್ನು ಇಟ್ಟಿರಲಿಲ್ಲ. ನೀವು ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡವರು. ನಿಮ್ಮ ಲೋಟದ ನೀರಿಗೆ ಎಷ್ಟು ಸಾರ ಇಳಿಯುತ್ತದೆ ಅಂತ ಅಳೆದವರು ಯಾರು? ಇವತ್ತೇ ಶುಗರ್ ನೋಡಿಸಿ, ಪ್ಲೀಸ್.

ನಾನು: ನಮ್ಮ ಕಂಬದ ವಿಷಯ ಇನ್ನೂ ಬೇರೆ. ಅದಕ್ಕೆ ಎಷ್ಟು ಸಲ ಹಸಿರು ಪೇಂಟ್ ಬಳಿದಿದ್ದೇವೆ? ಹಳೇ ಪೇಂಟಿನಲ್ಲಿ ಸೀಸ ಇರುತ್ತಿತ್ತು. ಗೆದ್ದಲಿನ ಮದ್ದನ್ನೂ ಬುಡಕ್ಕೆ ಸುರಿದಿದ್ದೇವೆ.

ದೊಡ್ಡಪ್ಪ: ಒಳಗಿನ ಚೇಗಿಗೆ ಪೇಂಟ್ ಹೇಗೆ ಹೋಗುತ್ತದೆ?

ನಾನು: ಕಂಬದ ಉದ್ದಕ್ಕೂ ಬಿರುಕುಗಳಿವೆ ದೊಡ್ಡಪ್ಪ, ಬೆರಳಿನ ಉಗುರು ಹೋಗುವಷ್ಟು. ಮೇಲೆ ಹಾಕಿದ್ದೆಲ್ಲ ಅಲ್ಲಿಂದ ಇಳಿದಿರುತ್ತದೆ. ಅದರಲ್ಲಿ ನೀರಿಟ್ಟು ಕುಡಿಯುವುದು ನನಗೆ ಒಪ್ಪಿಗೆಯಿಲ್ಲ.

ರವಿ: ಸರಿ, ಲೋಟ ಬೇಡ. ಮಾರುವುದಕ್ಕೇನು ಅಡ್ಡಿ?

ನಾನು: ರವಿ ಅಣ್ಣ, ಆಫ್ರಿಕನ್ ತೇಗ ಅಂತ ಮಾರುವ ಮರ ಎಷ್ಟೋ ಸಲ ಇರೋಕೊ ಅನ್ನುವ ಬೇರೆಯೇ ಮರ ಆಗಿರುತ್ತದೆ. ಕೆಟ್ಟ ಮರ ಅಲ್ಲ, ಆದರೆ ತೇಗವೂ ಅಲ್ಲ. ಬಾಗಿಲಿನ ಹಲಗೆಗೆ ನಿಜವಾದ ತೇಗವನ್ನೇ ಹಾಕಿಸು, ನಾನು ಬೇಡ ಅನ್ನುವುದಿಲ್ಲ. ತೇಗ ಹಗುರ, ಕುಗ್ಗುವುದು ಕಡಿಮೆ, ಆಚಾರಿ ಕೈಗೆ ಬಗ್ಗುತ್ತದೆ. ಹೊನ್ನೆ ಬಾಗಿಲಾದರೆ ಅದು ತಿರುಗುವ ಕೀಲುಗಳಿಗೆ ಭಾರ. ಆದರೆ ಭಾರ ಹೊರುವ ಕಡೆ ಹೊನ್ನೆ. ಹಿಂದಿನವರು ತೊಲೆಗೆ, ಗಾಡಿಗೆ, ನೇಗಿಲಿಗೆ ಅದನ್ನು ಹುಡುಕಿ ತರುತ್ತಿದ್ದರು. ಹಸಿ ಹೊನ್ನೆ ಒಣಗಿಸುವುದು ತಾಳ್ಮೆಯ ಕೆಲಸ. ನಮ್ಮದು ಮೂರು ತಲೆಮಾರು ನೆರಳಲ್ಲಿ ಒಣಗಿದ ಮರ! ಅದನ್ನು ಕೊಟ್ಟು ಬೇರೆ ಮರ ಕೊಳ್ಳುತ್ತೀಯಾ?

ಅತ್ತೆ: ಮಾರಬೇಡ ರವಿ. ಈಶಾನ್ಯದ ಕಂಬಕ್ಕೆ ಒರಗಿಕೊಂಡು ಅಮ್ಮ ಅಕ್ಕಿ ಆರಿಸುತ್ತಿದ್ದಳು. ಬೆನ್ನು ತಾಗುವ ಜಾಗದಲ್ಲಿ ಪೇಂಟ್ ನಿಲ್ಲುತ್ತಲೇ ಇರಲಿಲ್ಲ.

ರವಿ: ಹೊಸ ಮನೆಯಲ್ಲಿ ಎಲ್ಲಿ ಹಾಕುವುದು ಹಾಗಾದರೆ?

ನಾನು: ಜಗುಲಿಗೆ. ಕೊಯ್ಯುವುದೇ ಬೇಡ, ಕಂಬವಾಗಿಯೇ ನಿಲ್ಲಿಸೋಣ. ಬುಡ ಮಾತ್ರ ನೆಲಕ್ಕೆ ತಾಗಬಾರದು, ಕಲ್ಲಿನ ಮೇಲೆ ಕೂರಿಸಬೇಕು. ಮಳೆ ಹೊಡೆಯದ ಹಾಗೆ ಸೂರು ಮುಂದಕ್ಕೆ ಬಿಡಬೇಕು. ಇಲ್ಲದಿದ್ದರೆ ಅಜ್ಜಿಯ ಹಳದಿ ಕಲೆ ನಿಮ್ಮ ಹೊಸ ಗೋಡೆಗೂ ಬರುತ್ತದೆ.

(ಮಧ್ಯಾಹ್ನ)

ರವಿ: ಅಪ್ಪ ತಿಂಡಿ ತಿನ್ನುವ ಮೊದಲೇ ಶುಗರ್ ನೋಡಿದೆ. 228.

ಪಲ್ಲವಿ: ಜಾಸ್ತಿ ಇದೆ ಅಣ್ಣ. ನಾಳೆ ಬೆಳಗ್ಗೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಹಳೇ ಚೀಟಿ, ಮಾತ್ರೆ ಎರಡನ್ನೂ ತೆಗೆದುಕೊಂಡು ಹೋಗು. ಲೋಟದ ವಿಷಯವನ್ನೂ ಮುಚ್ಚಿಡದೆ ಹೇಳಿ.

ದೊಡ್ಡಪ್ಪ: ಆಗಲಿ ಪಲ್ಲವಿ. ಹೇಳುತ್ತೇನೆ.

ರವಿ: ಕಂಬ ಅಳೆದೆ. ಮೂರು 8 ಅಡಿ 2 ಇಂಚು. ಒಂದರ ಬುಡ ಸ್ವಲ್ಪ ಮೆತ್ತಗಾಗಿದೆ. ಜಗುಲಿ ಸೂರು 9 ಅಡಿ ಬರಬೇಕು.

ನಾನು: ಹಾಗಾದರೆ ಕೆಳಗೆ 10 ಇಂಚಿನ ಕಲ್ಲು ಸಾಕು. ಬುಡ ಮೆತ್ತಗಾಗಿರುವುದನ್ನು ನಾನು ಬಂದು ನೋಡುವವರೆಗೆ ಮುಟ್ಟಬೇಡ.