ವರ್ಡಲ್: ನಾಲ್ಕು ಅಕ್ಷರ ಹಸಿರು, ಒಂದಕ್ಕೆ ಪರದಾಟ. ಪಟ್ಟಿ ಇದೆಯಾ?

ಡೊಂಬಿವಲಿ ಫಾಸ್ಟ್:
ನಮಸ್ಕಾರ. ಬೆಳಿಗ್ಗೆ ಮುಂಬಯಿಯ ರೈಲಿನಲ್ಲಿ, ಸಿಎಸ್‌ಎಂಟಿ ಲೋಕಲ್‌ನಲ್ಲಿ ನಾವು ನಾಲ್ಕೈದು ಜನ ಸೇರಿ ವರ್ಡಲ್ ಆಡುತ್ತೇವೆ. ಐದಕ್ಷರದ ಇಂಗ್ಲಿಷ್ ಪದ, ಆರು ಅವಕಾಶ. ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಬೇರೆ ಮನೆಯಲ್ಲಿದ್ದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದು. ನಾನು ಓದಿದ್ದು ಕನ್ನಡ ಮೀಡಿಯಂ. ಆದರೂ ಠಾಣೆ ಬರುವಷ್ಟರಲ್ಲಿ ನಾಲ್ಕು ಅಕ್ಷರ ಹಸಿರಾಗಿರುತ್ತವೆ. ಕಷ್ಟ ಶುರುವಾಗುವುದೇ ಅಲ್ಲಿಂದ. ಕೊನೆಯ ನಾಲ್ಕು ಎ-ಟಿ-ಸಿ-ಎಚ್ ಅಂತ ಗೊತ್ತಾಯಿತು ಅನ್ನಿ. ಮ್ಯಾಚ್, ಬ್ಯಾಚ್, ಹ್ಯಾಚ್ ಅಂತ ಹಾಕುತ್ತಾ ಹೋದರೆ ಅವಕಾಶವೇ ಮುಗಿದುಹೋಗುತ್ತದೆ. ಹೀಗೆ ಒಂದೇ ಥರ ಮುಗಿಯುವ ಐದಕ್ಷರದ ಪದಗಳ ಪಟ್ಟಿ ಯಾರ ಹತ್ತಿರವಾದರೂ ಇದೆಯಾ? ಎ, ಇ, ಐ, ಓ, ಯು ಒಂದೂ ಇಲ್ಲದ ಪದಗಳೂ ಬೇಕು. ಕೂತು ಬಾಯಿಪಾಠ ಮಾಡುತ್ತೇನೆ.

ಮಾಟುಂಗಾ ಟೀಚರ್:
ಬಾಯಿಪಾಠ ಬೇಡಪ್ಪಾ. ಮುಂಬಯಿಯ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಪಟ್ಟಿ ಉರು ಹೊಡೆದ ಮಕ್ಕಳು ಪರೀಕ್ಷೆ ಮುಗಿದ ಕೂಡಲೇ ಮರೆಯುತ್ತಿದ್ದರು. ಪದ ಹೇಗೆ ಕಟ್ಟಿದೆ ಅಂತ ನೋಡಿದವರಿಗೆ ಅದು ಉಳಿಯುತ್ತಿತ್ತು.

ನಿಮ್ಮ ಎ-ಟಿ-ಸಿ-ಎಚ್ ತಗೊಳ್ಳಿ. ದಿನಬಳಕೆಯ ಪದ ಏಳು: ಬ್ಯಾಚ್, ಕ್ಯಾಚ್, ಹ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್, ವಾಚ್. ಒಂದೊಂದೇ ಹಾಕಿದರೆ ಒಂದೊಂದೇ ಅಕ್ಷರದ ಪರೀಕ್ಷೆ. ಅದರ ಬದಲು 'ಕ್ಲ್ಯಾಂಪ್' ಹಾಕಿ: ಸಿ-ಎಲ್-ಎ-ಎಂ-ಪಿ. ಇದು ಉತ್ತರ ಅಲ್ಲ ಅಂತ ಗೊತ್ತಿದ್ದೇ ಹಾಕುವುದು. ಎಲ್ ಹಳದಿಯಾದರೆ ಲ್ಯಾಚ್, ಎಂ ಆದರೆ ಮ್ಯಾಚ್, ಪಿ ಆದರೆ ಪ್ಯಾಚ್. ಮೊದಲ ಸಿ ಹಸಿರಾದರೆ ಕ್ಯಾಚ್. ಇದ್ಯಾವುದೂ ಆಗದಿದ್ದರೆ ಉಳಿಯುವುದು ಮೂರೇ. ಐ-ಜಿ-ಎಚ್-ಟಿ ಸಿಕ್ಕಿದಾಗಲೂ ಹೀಗೇ. 'ಫಿಲ್ಮ್ಸ್' ಹಾಕಿದರೆ ಫೈಟ್, ಲೈಟ್, ಮೈಟ್, ಸೈಟ್ ನಾಲ್ಕೂ ಒಂದೇ ಏಟಿಗೆ ಗೊತ್ತಾಗುತ್ತವೆ. ಹಾರ್ಡ್ ಮೋಡ್ ಆನ್ ಇದ್ದರೆ ಮಾತ್ರ ಇದು ನಡೆಯುವುದಿಲ್ಲ, ಅಲ್ಲಿ ಸಿಕ್ಕಿದ ಅಕ್ಷರಗಳನ್ನು ಮುಂದಿನ ಪದದಲ್ಲೂ ಬಳಸಲೇಬೇಕು.

ಇನ್ನೊಂದು ಮಾತು. ಕ್ಯಾಚ್‌ನಲ್ಲಿ ನಮ್ಮ ಕಿವಿಗೆ ಟಿ ಕೇಳಿಸುವುದೇ ಇಲ್ಲ. ಮಕ್ಕಳು ಸಿ-ಎ-ಸಿ-ಎಚ್ ಅಂತಲೇ ಬರೆಯುತ್ತಿದ್ದರು. ಬೋರ್ಡ್ ಮೇಲೆ ಎರಡು ಸಾಲು ಬರೆದು ತೋರಿಸುತ್ತಿದ್ದೆ. ಒಂದರಲ್ಲಿ ಕ್ಯಾಚ್, ಫೆಚ್, ಪಿಚ್, ನಾಚ್, ಹಚ್. ಇನ್ನೊಂದರಲ್ಲಿ ಬೀಚ್, ಕೋಚ್, ಬೆಂಚ್. ಮುಂಚೆ ಒಂಟಿ ಸ್ವರ, ಅದೂ ಗಿಡ್ಡ ಸ್ವರ ಇದ್ದರೆ ಟಿ ಬರುತ್ತದೆ. ಎಳೆದು ಹೇಳುವ ಸ್ವರವೋ ಎನ್ ಅಕ್ಷರವೋ ಇದ್ದರೆ ಬರುವುದಿಲ್ಲ. ರಿಚ್, ಮಚ್, ಸಚ್, ವಿಚ್ (ಡಬ್ಲ್ಯು-ಎಚ್-ಐ-ಸಿ-ಎಚ್) ಈ ನಿಯಮಕ್ಕೆ ಸಿಗುವುದಿಲ್ಲ, ಅವನ್ನಷ್ಟೇ ನೆನಪಿಟ್ಟರೆ ಸಾಕು. ಐದಕ್ಷರದ ಆಟಕ್ಕೆ ಇದು ತುಂಬಾ ಉಪಯೋಗ, ಯಾಕೆಂದರೆ ಕೊನೆಯ ಮೂರು ಮನೆ ಒಟ್ಟಿಗೆ ತುಂಬುತ್ತದೆ.

ಸ್ವರ ಇಲ್ಲದ ಪದಗಳಲ್ಲಿ ಆ ಕೆಲಸ ಮಾಡುವುದು ವೈ: ನಿಂಫ್, ಕ್ರಿಪ್ಟ್, ಲಿಂಫ್, ಗ್ಲಿಫ್, ಪಿಗ್ಮಿ. ಇವುಗಳಲ್ಲಿ ಹೆಚ್ಚಿನವು ಮೂಲದಲ್ಲಿ ಗ್ರೀಕ್. ಅಲ್ಲಿನ ಉಪ್ಸಿಲಾನ್ ಅನ್ನುವ ಅಕ್ಷರ ಇಂಗ್ಲಿಷಿಗೆ ಬರುವಾಗ ವೈ ಆಯಿತು. ಎಫ್ ಸದ್ದಿಗೆ ಪಿ-ಎಚ್ ಇದ್ದರೆ ನಡುವೆ ವೈ ಇರಬಹುದಾ ಅಂತ ಒಮ್ಮೆ ನೋಡಿ.

ಬೀದರ್ ಟು ಪುಣೆ:
ಟೀಚರ್ ಹೇಳಿದ್ದು ಸರಿ. ಈ ಆಟ ಮಾಡಿದ ಜಾಶ್ ವಾರ್ಡಲ್ ಅವರ ಸಂಗಾತಿ ಪಾಲಕ್ ಶಾ, ಸುಮಾರು 12,000 ಐದಕ್ಷರದ ಪದಗಳನ್ನು ಸೋಸಿ ಜನರಿಗೆ ಗೊತ್ತಿರುವ ಸುಮಾರು 2,500 ಪದ ಮಾತ್ರ ಉತ್ತರಕ್ಕೆ ಉಳಿಸಿದರು. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡದ್ದು ಆಮೇಲೆ. ಹಾಗಾಗಿ ಅಪರೂಪದ ಪದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡಿದರೆ ಮಾತ್ರ ಅಪರೂಪದವೂ ಬೇಕು. ಕ್ಯೂ ಒಂದಕ್ಕೇ 10 ಅಂಕ. ನೂರು ಬಿಲ್ಲೆಗಳಲ್ಲಿ ಯು ಇರುವುದು ನಾಲ್ಕೇ. ಯು ಇಲ್ಲದೆ ಕ್ಯೂ ಬರುವ ಐದಕ್ಷರದ ಪದಗಳು ಬೇಕೇ ಬೇಕು: ಫಕೀರ್, ನಿಕಾಬ್, ಕನಾತ್. ಎಲ್ಲವೂ ಅರಬ್ಬಿ ಮೂಲ. ಕನಾತ್ ಅಂದರೆ ನೆಲದೊಳಗಿನ ನೀರಿನ ಕಾಲುವೆ. ನಮ್ಮ ಬೀದರಿನ ಕರೇಜ್ ಇದೆಯಲ್ಲ, ಅದೇ. ಮೇಲಿಂದ ಸಾಲಾಗಿ ಬಾವಿ, ಕೆಳಗೆ ಸುರಂಗ. ನೋಡಿದವರಿಗೆ ಆ ಪದ ಮರೆಯುವುದಿಲ್ಲ.

ಡೊಂಬಿವಲಿ ಫಾಸ್ಟ್:
ಟೀಚರ್, ತುಂಬಾ ಥ್ಯಾಂಕ್ಸ್. ನಮ್ಮ ರೈಲು ಡಬ್ಬದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಓ-ಯು-ಎನ್-ಡಿ ಸಿಕ್ಕಿದರೆ 'ಫ್ರೆಶ್' ಹಾಕಬಹುದಲ್ವಾ? ಎಫ್, ಆರ್, ಎಸ್, ಎಚ್ ನಾಲ್ಕೂ ಒಟ್ಟಿಗೆ ಬರುತ್ತವೆ.

ಮಾಟುಂಗಾ ಟೀಚರ್:
ಶಾಬಾಸ್! ಫೌಂಡ್, ರೌಂಡ್, ಸೌಂಡ್, ಹೌಂಡ್ ಅಲ್ಲಿಗೆ ತೀರಿತು. ನಾಲ್ಕೂ ಅಲ್ಲದಿದ್ದರೆ ಮುಂದೆ 'ಬಂಪಿ' ಹಾಕಿ. ಬಿ ಹಸಿರಾದರೆ ಬೌಂಡ್, ಎಂ ಹಳದಿಯಾದರೆ ಮೌಂಡ್, ಪಿ ಆದರೆ ಪೌಂಡ್. ಮೂರೂ ಬೂದು ಬಣ್ಣವಾದರೆ ಡಬ್ಲ್ಯು.