ಟ್ರೇಲರ್ ಗಾಲಿಯಲ್ಲಿ ಪದೇ ಪದೇ ಸೀಳುವ ವಾಲ್ವ್: ತಪ್ಪು ಗಾಳಿಯದೋ, ಸೆನ್ಸರಿನದೋ?

ಹಿಂಗಾಲಿ:
ನನ್ನದು ಎರಡು ಆಕ್ಸಲ್‌ನ ಟ್ರೇಲರ್. ಸ್ಟೀಲ್ ರಿಮ್, ಎಸ್‌ಟಿ225/75ಆರ್15 ಟೈರ್, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ, ತಣ್ಣಗಿರುವಾಗ 80 ಪಿಎಸ್‌ಐ. ನಾಲ್ಕೂ ಗಾಲಿಗೆ ಟಿಆರ್413 ರಬ್ಬರ್ ವಾಲ್ವ್, ಅದರ ತುದಿಗೆ ತಿರುಗಿಸಿ ಹಾಕುವ, ಗಾಳಿಯ ಒತ್ತಡ ತಿಳಿಸುವ ಸೆನ್ಸರ್ (ಸುಮಾರು 20 ಗ್ರಾಂ). ಎರಡು ವಾಲ್ವ್ ಬುಡದಲ್ಲೇ ಸೀಳಿವೆ. ಟೈರ್ ಹೊಸದು. ಅದೇ ವಾಲ್ವ್ ಹೊಸದು ಹಾಕಿದರೆ ಸಾಕೇ, ಬೇರೆ ನಮೂನೆಯದೇ ಬೇಕೇ?

ಕಡಾಣಿ:
ಅದೇ ನಮೂನೆ ಖಂಡಿತ ಬೇಡ. ಟಿಆರ್413ಕ್ಕೆ ತಣ್ಣಗಿರುವಾಗಿನ ಮಿತಿಯೇ 65 ಪಿಎಸ್‌ಐ. ಅದು ಕಾರಿನ ವಾಲ್ವ್. ಲೋಡ್ ರೇಂಜ್ ಸಿ (50 ಪಿಎಸ್‌ಐ) ಮತ್ತು ಡಿ (65 ಪಿಎಸ್‌ಐ) ಟೈರ್‌ಗಳಿಗೆ ನಡೆಯುತ್ತದೆ, ಇ ಬಂತೆಂದರೆ ಮಿತಿ ದಾಟಿತು. ಟೈರನ್ನು ಮಾತ್ರ ಮೇಲಿನ ದರ್ಜೆಗೆ ಏರಿಸಿ, ವಾಲ್ವ್ ಹಳೇ ನಮೂನೆಯದನ್ನೇ ಹಾಕಿಸುವುದು ತುಂಬಾ ಸಾಮಾನ್ಯ. ನೀವು ಹಾಕಬೇಕಾದದ್ದು ಟಿಆರ್600ಎಚ್‌ಪಿ. ಅದೂ ಒತ್ತಿ ಕೂರಿಸುವ ರಬ್ಬರ್ ವಾಲ್ವೇ, ಆದರೆ ಮಿತಿ 100 ಪಿಎಸ್‌ಐ. ನೋಡಿದರೇ ಗೊತ್ತಾಗುತ್ತದೆ: 413ರಲ್ಲಿ ರಬ್ಬರ್ ಮೇಲೆ ಮುಚ್ಚಳ ತಿರುಗಿಸುವ ಮರೆಯವರೆಗೂ ಹಬ್ಬಿರುತ್ತದೆ, ಎಚ್‌ಪಿಯಲ್ಲಿ ಹಿತ್ತಾಳೆ ಕೊಳವೆ ಉದ್ದಕ್ಕೆ ಹೊರಗೆ ಕಾಣುತ್ತದೆ.

ತಿರುಪುಳಿ:
ಮಿತಿಯ ಮಾತು ಸರಿ, ಆದರೆ ಸೀಳಿಸಿದ್ದು ಅದೇ ಎಂದು ಒಪ್ಪಲಾರೆ. ರಿಮ್‌ನ ತೂತು 11.5 ಮಿ.ಮೀ. 80 ಪಿಎಸ್‌ಐ ಗಾಳಿ ವಾಲ್ವನ್ನು ಹೊರಗೆ ದೂಡುವ ಬಲ ಆರು ಕೆಜಿಗಿಂತ ಸ್ವಲ್ಪ ಕಡಿಮೆ, 65ರಲ್ಲಿ ಐದಕ್ಕೆ ಸ್ವಲ್ಪ ಕಡಿಮೆ. ಇಷ್ಟೇ ವ್ಯತ್ಯಾಸಕ್ಕೆ ಹೊಸ ರಬ್ಬರ್ ಸೀಳುವುದಿಲ್ಲ.

ಸೆನ್ಸರಿನ ಲೆಕ್ಕ ನೋಡಿ. ಈ ಟೈರಿನ ವ್ಯಾಸ ಸುಮಾರು 72 ಸೆಂ.ಮೀ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಲಿ ಸೆಕೆಂಡಿಗೆ 12 ಸುತ್ತಿಗಿಂತ ಹೆಚ್ಚು ಸುತ್ತುತ್ತದೆ. ವಾಲ್ವಿನ ತುದಿ ನಡುವಿನಿಂದ 18 ಸೆಂ.ಮೀ. ದೂರ ಇದ್ದರೆ, ಅಲ್ಲಿರುವ ವಸ್ತು ತನ್ನ ತೂಕದ ಸುಮಾರು 110 ಪಟ್ಟು ಬಲದಿಂದ ಆಚೆಗೆ ಎಳೆಯುತ್ತದೆ. ನಿಮ್ಮ 20 ಗ್ರಾಂ ಸೆನ್ಸರ್ ಆಗ ಎರಡು ಕೆಜಿಗೂ ಮೇಲೆ. ರಬ್ಬರ್ ಕಾಂಡದ ತುದಿಗೆ ಎರಡು ಕೆಜಿ ತೂಗುಹಾಕಿ ಗಂಟೆಗಟ್ಟಲೆ ಬಿಟ್ಟ ಹಾಗೆ. ವಾಲ್ವ್ ಟೈರಿನ ಕಡೆಗೆ ಬಾಗಿಯೇ ಓಡುತ್ತದೆ.

ಒಂದು ಕೇಳುತ್ತೇನೆ: ಸೀಳು ವಾಲ್ವಿನ ಯಾವ ಮಗ್ಗುಲಲ್ಲಿದೆ? ಸುತ್ತಲೂ ಇದೆಯೋ, ಒಂದೇ ಕಡೆಯೋ?

ಹಿಂಗಾಲಿ:
ಎರಡರಲ್ಲೂ ಹಬ್ಬಿನ (ಗಾಲಿಯ ನಡುವಿನ) ಕಡೆಗೆ. ಟೈರಿನ ಕಡೆಯ ಮಗ್ಗುಲು ನುಣ್ಣಗಿದೆ.

ತಿರುಪುಳಿ:
ಹಾಗಾದರೆ ಸೆನ್ಸರೇ. ತುದಿ ಟೈರಿನತ್ತ ಬಾಗಿದಾಗ ಹಿಗ್ಗುವುದು ಹಬ್ಬಿನ ಮಗ್ಗುಲು. ಗಾಳಿಯಲ್ಲಿರುವ ಓಝೋನ್ ಹಿಗ್ಗಿ ನಿಂತ ರಬ್ಬರನ್ನೇ ಹಿಡಿಯುತ್ತದೆ, ಸಡಿಲವಾಗಿರುವುದನ್ನು ಅಷ್ಟು ಬೇಗ ತಿನ್ನುವುದಿಲ್ಲ. ಸೀಳು ಎಳೆತಕ್ಕೆ ಅಡ್ಡಲಾಗಿ ಏಳುತ್ತದೆ, ಅಂದರೆ ಬುಡದ ಸುತ್ತಿಗೆ ಉಂಗುರದ ತುಂಡಿನ ಹಾಗೆ.

ಅರದ ಹುಡಿ:
ಒಂದು ಸೇರಿಸಬೇಕು. ಸೀಳು ಸುತ್ತಲೂ ಸಣ್ಣ ಬಲೆಯ ಹಾಗಿದ್ದರೆ ವಯಸ್ಸು, ಇಲ್ಲವೇ ಕಳಪೆ ರಬ್ಬರ್. 2008ರಲ್ಲಿ ಅಮೆರಿಕದಲ್ಲಿ ಹಿಂದಕ್ಕೆ ಕರೆಸಿಕೊಂಡ ಟಿಆರ್413 ವಾಲ್ವ್‌ಗಳ ದೋಷವೂ ಓಝೋನ್ ಬಿರುಕೇ. ಬಾಗಿಸದೆ ನೋಡಿದರೆ ಅಂಥದ್ದು ಕಾಣುವುದಿಲ್ಲ. ಹೆಬ್ಬೆರಳಿನಿಂದ ನಾಲ್ಕೂ ಕಡೆಗೆ ಬಾಗಿಸಿದಾಗ ಬಾಯಿ ಬಿಡುತ್ತದೆ. ಬುಡಕ್ಕಿಂತ ಮೇಲೆ ಒಂದೇ ಕಡೆ ಗೀರು ಇದ್ದರೆ ಗಾಲಿಯ ಕವರ್ ಉಜ್ಜುತ್ತಿದೆ ಎಂದರ್ಥ. ಕವರಿನ ತೂತಿನ ಅಂಚು ಬ್ಲೇಡ್ ಇದ್ದ ಹಾಗೆ.

ರಬ್ಬರ್ ಒಳಗಿನಿಂದ, ಕುತ್ತಿಗೆಯ ಕಾಲುವೆಯಲ್ಲೇ (ತೂತಿನ ಅಂಚು ಕೂರುವ ತಗ್ಗಿನಲ್ಲಿ) ಕತ್ತರಿಸಿದ್ದರೆ ರಿಮ್‌ನ ತೂತನ್ನು ಪರೀಕ್ಷಿಸಿ. ಟ್ರೇಲರ್ ತಿಂಗಳುಗಟ್ಟಲೆ ನಿಂತಿರುತ್ತದೆ, ತೂತಿನ ಸುತ್ತ ತುಕ್ಕು ಹಿಡಿದು ಪದರ ಏಳುತ್ತದೆ. ಹೊಸ ವಾಲ್ವ್ ಎಳೆಯುವ ಮೊದಲು ವೈರ್ ಬ್ರಷ್ ಹಾಕಿ, ಅಂಚಿನ ಚೂಪನ್ನು ಸಣ್ಣ ಅರದಿಂದ ಮುರಿದು, ಒರೆಸಿ. ವಾಲ್ವಿಗೆ ಸೋಪಿನ ನೀರು ಸವರಿ. ಎಣ್ಣೆ, ಗ್ರೀಸ್, ಪೆಟ್ರೋಲ್ ತಾಗಿಸಬೇಡಿ, ರಬ್ಬರ್ ಉಬ್ಬುತ್ತದೆ. ಎಳೆಯುವ ಸನ್ನೆಯಿಂದ ನೇರಕ್ಕೆ ಎಳೆಯಬೇಕು. ಕಾಲುವೆ ಕೂತಾಗ 'ಟಪ್' ಎಂದು ಕೇಳುತ್ತದೆ. ಓರೆಯಾಗಿ ಎಳೆದರೆ ಅವತ್ತೇ ಅರ್ಧ ಸೀಳಿರುತ್ತದೆ, ಬಿಡುವುದು ಮಾತ್ರ ಆರು ತಿಂಗಳ ಮೇಲೆ.

ಕಡಾಣಿ:
ತಿರುಪುಳಿ ಸರ್, ಲೆಕ್ಕ ಒಪ್ಪಿದೆ. ಆದರೂ ಮಿತಿ ಮೀರಿದ ವಾಲ್ವನ್ನು ಸಮರ್ಥಿಸಿದಂತಾಗಬಾರದು. 80 ಅನ್ನುವುದು ತಣ್ಣಗಿರುವಾಗಿನ ಅಂಕಿ, ಓಡಿ ಬಿಸಿಯಾದ ಮೇಲೆ 90 ಆಸುಪಾಸು ಹೋಗುತ್ತದೆ. ಸೆನ್ಸರ್ ತೆಗೆದು ಟಿಆರ್600ಎಚ್‌ಪಿ ಹಾಕಿದರೆ ಎರಡೂ ಬಗೆಹರಿಯಿತಲ್ಲವೇ?

ಇಳಿಜಾರು:
ಸೆನ್ಸರ್ ತೆಗೆಯಿರಿ ಎನ್ನುವ ಸಲಹೆ ದಯವಿಟ್ಟು ಬೇಡ. ಟ್ರೇಲರಿನ ಗಾಲಿಯಲ್ಲಿ ಗಾಳಿ ಇಳಿದರೆ ಸ್ಟೀರಿಂಗಿಗೆ ಗೊತ್ತೇ ಆಗುವುದಿಲ್ಲ. 80 ಇದ್ದದ್ದು 40ಕ್ಕೆ ಬಂದರೂ ಎಳೆಯುವ ಗಾಡಿ ಸುಮ್ಮನೆ ಓಡುತ್ತದೆ. ಅಷ್ಟರಲ್ಲಿ ಆ ಟೈರಿನ ಪಕ್ಕದ ಗೋಡೆ ಬಾಗಿ ಬಾಗಿ ಕಾದು ಒಳಪದರ ಪುಡಿಯಾಗಿರುತ್ತದೆ, ಅದೇ ಬದಿಯ ಇನ್ನೊಂದು ಟೈರ್ ಅದರ ಭಾರವನ್ನೂ ಹೊತ್ತಿರುತ್ತದೆ. ನಿಧಾನ ಸೋರಿಕೆಯನ್ನು ಹೇಳುವುದು ಸೆನ್ಸರ್ ಮಾತ್ರ. ಬದಲಾಗಬೇಕಾದದ್ದು ಅದನ್ನು ಹೊರುವ ವಾಲ್ವ್.

ತಿರುಪುಳಿ:
ಅದಕ್ಕೇ ಹೇಳುವುದು, ಸೆನ್ಸರ್ ಇರಲಿ, ಲೋಹದ ವಾಲ್ವ್ ಹಾಕಿ. ನಟ್ಟಿನಿಂದ ಬಿಗಿಯುವ ಟಿಆರ್416ಎಸ್ ನಮೂನೆ. ಎಚ್‌ಪಿಯ ಕೊಳವೆ ಗಟ್ಟಿ ಇದ್ದರೂ ಬುಡ ರಬ್ಬರೇ, ಸೆನ್ಸರ್ ಅಲ್ಲಿಂದಲೇ ಬಾಗಿಸುತ್ತದೆ. 416ರ ರಬ್ಬರ್ ವಾಷರ್ ಒಳಗಡೆ, ನಟ್ಟು ಹೊರಗಡೆ. ಬಾಗುವ ಜಾಗವೇ ಇಲ್ಲ.

ಅರದ ಹುಡಿ:
ಲೋಹದ್ದು ಹಾಕಿ ಮರೆತುಬಿಡಬಹುದು ಅಂದುಕೊಳ್ಳಬೇಡಿ. ನಟ್ಟನ್ನು ಜೋರಾಗಿ ಬಿಗಿದರೆ ವಾಷರ್ ತೂತಿನ ಅಂಚಿಗೆ ಸಿಕ್ಕಿ ಕತ್ತರಿಸುತ್ತದೆ; ಸಡಿಲ ಬಿಟ್ಟರೆ ಸೋರುತ್ತದೆ. ತಯಾರಕರು ಕೊಟ್ಟ ಟಾರ್ಕ್‌ಗೆ ಬಿಗಿಯಿರಿ, ಸಣ್ಣ ಪಾನಾ ಸಾಕು. ಹೊಸ ವಾಷರ್ ಕೆಲವು ದಿನಗಳಲ್ಲಿ ಒತ್ತಿ ಕೂರುತ್ತದೆ, ನಟ್ಟು ಒಂದಿಷ್ಟು ಸಡಿಲವಾಗುತ್ತದೆ. ಒಂದೆರಡು ಓಟದ ನಂತರ ಸೋಪಿನ ನೀರು ಹಾಕಿ ನೋಡಲೇಬೇಕು. ಗುಳ್ಳೆ ನಟ್ಟಿನ ಬುಡದಲ್ಲಿ ಎದ್ದರೆ ವಾಷರ್. ಬಾಯಲ್ಲಿ ಎದ್ದರೆ ವಾಲ್ವ್ ಪಿನ್, ಅಂದರೆ ಕೊಳವೆಯೊಳಗೆ ಗಾಳಿ ತಡೆದು ಹಿಡಿಯುವ ಭಾಗ. ಪಿನ್ನಿನ ಸೀಲಿನಲ್ಲಿ ಮರಳಿನ ಒಂದು ಕಣ ಕೂತರೂ ಸೋರುತ್ತದೆ.

ಅಲ್ಯುಮಿನಿಯಂ ಕೊಳವೆಯ ವಾಲ್ವ್ ಆದರೆ ಹಿತ್ತಾಳೆ ಪಿನ್ ಹಾಕಬೇಡಿ, ತೇವಕ್ಕೆ ಎರಡೂ ಕಚ್ಚಿಕೊಂಡು ಆಮೇಲೆ ಪಿನ್ ಮುರಿದೇ ಬರುವುದು. ಅದಕ್ಕೆ ನಿಕ್ಕಲ್ ಲೇಪದ ಪಿನ್.

ಹಿಂಗಾಲಿ:
ಟೈರ್ ಪೂರ್ತಿ ಕಳಚದೆ ಬದಲಿಸಬಹುದೇ?

ಅರದ ಹುಡಿ:
ಆಗುತ್ತದೆ. ಗಾಲಿ ಬಿಚ್ಚಿ ನೆಲದ ಮೇಲೆ ಮಲಗಿಸಿ. ಮೊದಲು ಪಿನ್ ತೆಗೆದು ಗಾಳಿ ಪೂರ್ತಿ ಖಾಲಿ ಮಾಡಿ, ಸದ್ದು ನಿಂತ ಮೇಲೇ ಮುಂದಿನ ಕೆಲಸ. ವಾಲ್ವ್ ಇರುವ ಕಡೆಯ ಬೀಡ್ (ರಿಮ್‌ಗೆ ಕಚ್ಚಿ ಕೂರುವ ಟೈರಿನ ಅಂಚು) ಮಾತ್ರ ರಿಮ್‌ನಿಂದ ಬಿಡಿಸಿ ಟೈರನ್ನು ಕೆಳಗೆ ಒತ್ತಿ ಹಿಡಿದರೆ ಕೈ ಒಳಗೆ ಹೋಗುತ್ತದೆ. ಹಳೇ ವಾಲ್ವ್ ಕತ್ತರಿಸುವಾಗ ಒಳಗೆ ಬಿದ್ದ ತುಂಡನ್ನು ಹುಡುಕಿ ತೆಗೆಯಿರಿ. ಕೈ ಹೇಗೂ ಒಳಗಿದೆಯಲ್ಲ, ಟೈರಿನ ಒಳಗೋಡೆ ಸವರಿ ನೋಡಿ. ಕಪ್ಪು ಹುಡಿ ಬೆರಳಿಗೆ ಅಂಟಿದರೆ, ಇಲ್ಲವೇ ಉದ್ದಕ್ಕೂ ಉಜ್ಜಿದ ಪಟ್ಟಿ ಕಂಡರೆ, ಆ ಟೈರ್ ಗಾಳಿ ಕಡಿಮೆಯಾಗಿಯೇ ಓಡಿದೆ. ಅದಕ್ಕೆ ಹೊಸ ವಾಲ್ವ್ ಹಾಕಿ ಮತ್ತೆ 80 ತುಂಬಬೇಡಿ.

ಕಡಾಣಿ:
ಸರಿ, ಸೆನ್ಸರ್ ಇರುವವರಿಗೆ ಲೋಹದ್ದೇ ಎಂದು ಒಪ್ಪುತ್ತೇನೆ. ಸೆನ್ಸರ್ ಇಲ್ಲದ ಸ್ಟೀಲ್ ರಿಮ್‌ಗೆ ಟಿಆರ್600ಎಚ್‌ಪಿ ಸಾಕು ಎನ್ನುವ ಮಾತು ಮಾತ್ರ ಬಿಡುವುದಿಲ್ಲ, ಪ್ರತಿ ಟೈರ್ ಬದಲಾವಣೆಗೂ ಹೊಸ ವಾಲ್ವ್ ಹಾಕುವುದಾದರೆ. ಲೋಡ್ ರೇಂಜ್ ಜಿ, 110 ಪಿಎಸ್‌ಐ ಆದರೆ ಅದೂ ಸಾಲದು, ಅಲ್ಲಿ ಲೋಹದ್ದು ಬಿಟ್ಟು ಬೇರೆ ಇಲ್ಲ.

ಇಳಿಜಾರು:
ಹಿಂಗಾಲಿ ಅವರೇ, ಸೀಳದೆ ಉಳಿದ ಎರಡನ್ನೂ ಇದೇ ಸಲ ಬದಲಿಸಿ, ಅವೂ ಅಷ್ಟೇ ದೂರ ಅದೇ ಭಾರ ಹೊತ್ತು ಓಡಿವೆ. ಸ್ಟೆಪ್ನಿಯ ವಾಲ್ವನ್ನೂ ಬಾಗಿಸಿ ನೋಡಿ. ಸೆನ್ಸರ್ ಇಲ್ಲದಿದ್ದರೂ ಅದು ಬಿಸಿಲಿನಲ್ಲೇ ನೇತಾಡಿಕೊಂಡಿರುತ್ತದೆ.