ಮಹಾವೀರ ಚಕ್ರದ ಮಾದರಿ: ಕೇಸರಿ ಯಾವ ಕಡೆ?

ಪ್ರಶ್ನೆ: ನೌಕಾಪಡೆ ದಿನಕ್ಕೆ ಕಾರವಾರದ ಶಾಲೆಯಲ್ಲಿ ಕಮಾಂಡರ್ ಬಬ್ರು ಭಾನ್ ಯಾದವ್ ಅವರ ಫಲಕ, ಜೊತೆಗೆ ಅವರಿಗೆ ಸಿಕ್ಕ ಮಹಾವೀರ ಚಕ್ರ ಪದಕದ ಮಾದರಿ ಮಾಡುತ್ತಿದ್ದೇವೆ. ಅಳತೆ, ಬಣ್ಣ ತಿಳಿಸಿ. ನಮ್ಮ ಕಡಲತೀರದಲ್ಲಿ ಸಂಗ್ರಹಾಲಯವಾಗಿ ಇಟ್ಟಿರುವ ಚಾಪೆಲ್ ಯುದ್ಧನೌಕೆಯಲ್ಲೇ ಅವರು 1971ರ ಯುದ್ಧದಲ್ಲಿ ಕರಾಚಿ ದಾಳಿಗೆ ಹೋದದ್ದಂತೆ, ಹೌದಾ?

ಉತ್ತರ 1: ಬೆಳ್ಳಿಯ ದುಂಡು ಪದಕ, ವ್ಯಾಸ ಸುಮಾರು 35 ಮಿ.ಮೀ. ಮುಂಬದಿಯಲ್ಲಿ ಐದು ಮೊನೆಯ ನಕ್ಷತ್ರ, ನಡುವೆ ಚಿನ್ನದ ಲೇಪದ ರಾಷ್ಟ್ರಲಾಂಛನ. ರಿಬ್ಬನ್ ಅರ್ಧ ಬಿಳಿ, ಅರ್ಧ ಕೇಸರಿ. ಧರಿಸಿದವರ ಎಡಭುಜದ ಕಡೆ ಕೇಸರಿ ಬರಬೇಕು, ಅಂದರೆ ನೋಡುವವರಿಗೆ ಬಲಕ್ಕೆ. ಕಂಪ್ಯೂಟರಿನಲ್ಲಿ ಚಿತ್ರ ತಿರುವಿದಾಗ ಇದೇ ಅದಲುಬದಲಾಗೋದು, ಪ್ರಿಂಟ್‌ಗೆ ಕೊಡೋ ಮುಂಚೆ ನೋಡಿಕೊಳ್ಳಿ.

ಉತ್ತರ 2: ಚಾಪೆಲ್ ಅಲ್ಲ ಮಾರಾಯ್ರೆ! ಅದು ನೌಕಾಪಡೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ದಾಳಿಗೆ ಹೋದದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು. ಯಾದವ್ ಆ ದಳದ ಮುಖ್ಯಸ್ಥರು. ಫೋಟೊ ಆರಿಸುವಾಗ ಕ್ಷಿಪಣಿ ಗೂಡು ನೋಡಿ: ಆ ದೋಣಿಗಳದ್ದು ಪೆಟ್ಟಿಗೆ ಆಕಾರ, ಚಾಪೆಲ್‌ನದ್ದು ದುಂಡು ಕೊಳವೆ.

ಉತ್ತರ 1: ಆ ಮೂರೂ ದೋಣಿಗಳ ಕಮಾಂಡರ್‌ಗಳಿಗೆ ಸಿಕ್ಕಿದ್ದು ವೀರ ಚಕ್ರ ಎಂಬ ಬೇರೆ ಪದಕ. ಅದರ ರಿಬ್ಬನ್ ಕಡುನೀಲಿ-ಕೇಸರಿ.